ವಾರಕ್ಕೆ ನೂರು ಪುಟ: ಓದನ್ನು ವಾರದ ಲೆಕ್ಕದಲ್ಲಿ ಕಟ್ಟಿಕೊಳ್ಳುವ ಬಗೆ

ಓದುವ ಆಸೆ ಇದ್ದೂ ಓದು ಸಾಗುತ್ತಿಲ್ಲ ಎನ್ನುವವರ ಜೊತೆ ಮಾತಾಡಿದಾಗಲೆಲ್ಲ ನನಗೆ ಒಂದು ವಿಷಯ ಕಾಣುತ್ತದೆ. ಅವರಿಗೆ ಪುಸ್ತಕದ ಕೊರತೆ ಇಲ್ಲ. ಆಸಕ್ತಿಯ ಕೊರತೆಯೂ ಇಲ್ಲ. ಅವರು ಇಟ್ಟುಕೊಂಡ ಲೆಕ್ಕವೇ ಅವರನ್ನು ಸೋಲಿಸುತ್ತಿರುತ್ತದೆ.

ಸಾಮಾನ್ಯವಾಗಿ ಜನ ಎರಡು ಲೆಕ್ಕ ಹಿಡಿಯುತ್ತಾರೆ. ಒಂದು, "ದಿನಾ ಒಂದು ಗಂಟೆ ಓದ್ತೀನಿ" ಅನ್ನುವುದು. ನಾಲ್ಕು ದಿನ ಚೆನ್ನಾಗಿ ನಡೆಯುತ್ತದೆ. ಐದನೇ ದಿನ ಮನೆಗೆ ನೆಂಟರು, ಆರನೇ ದಿನ ಆಫೀಸಿನಲ್ಲಿ ತಡ, ಏಳನೇ ದಿನ ಮಗುವಿಗೆ ಜ್ವರ. ಅಲ್ಲಿಗೆ "ನನ್ನ ಕೈಲಿ ಆಗಲ್ಲ" ಅಂತ ಪುಸ್ತಕ ಕಪಾಟು ಸೇರುತ್ತದೆ. ಇನ್ನೊಂದು, "ಈ ವರ್ಷ ಐವತ್ತು ಪುಸ್ತಕ" ಅನ್ನುವುದು. ಇದು ಇನ್ನೂ ಕೆಟ್ಟದ್ದು ಅಂತ ನನ್ನ ಅಭಿಪ್ರಾಯ. ಎಣಿಕೆ ಮುಟ್ಟಬೇಕು ಅಂದಾಗ ಕೈ ತಾನಾಗಿ ತೆಳು ಪುಸ್ತಕದ ಕಡೆಗೇ ಹೋಗುತ್ತದೆ. ಆರು ನೂರು ಪುಟದ ಕಾದಂಬರಿಯನ್ನು ಮುಟ್ಟುವವರೇ ಇರುವುದಿಲ್ಲ. ಕನ್ನಡದ ಒಳ್ಳೆಯ ಕಾದಂಬರಿಗಳಲ್ಲಿ ಹಲವು ದಪ್ಪ ಪುಸ್ತಕಗಳೇ ಅಲ್ವಾ? ಅವನ್ನು ಬಿಟ್ಟು ಉಳಿದದ್ದನ್ನೆಲ್ಲ ಓದಿದರೆ ಯಾರಿಗೆ ನಷ್ಟ?

ಇವೆರಡರ ನಡುವೆ ವಾರ ಅನ್ನುವ ಅಳತೆ ಇದೆ. ನಮ್ಮ ಬದುಕು ಹೇಗೂ ವಾರದ ಮೇಲೇ ನಡೆಯುತ್ತದೆ. ಸಂತೆ ವಾರಕ್ಕೊಮ್ಮೆ, ರಜೆ ವಾರಕ್ಕೊಮ್ಮೆ. ಕನ್ನಡದ ಓದು ಕೂಡ ಬಹಳ ಕಾಲ ಹಾಗೇ ನಡೆದಿದೆ. 1965ರಲ್ಲಿ ಸುಧಾ ವಾರಪತ್ರಿಕೆ ಬಂತು, 1983ರಲ್ಲಿ ತರಂಗ ಬಂತು. ಎಷ್ಟೋ ಮನೆಗಳಲ್ಲಿ ಇಡೀ ಕಾದಂಬರಿಯನ್ನು ಧಾರಾವಾಹಿಯಾಗಿ, ವಾರಕ್ಕೊಂದು ಕಂತಿನಂತೆ, ತಿಂಗಳುಗಟ್ಟಲೆ ಓದಿದರು. ಮುಂದಿನ ಸಂಚಿಕೆ ಯಾರು ಮೊದಲು ಓದಬೇಕು ಅಂತ ಅಕ್ಕ ತಂಗಿಯರ ನಡುವೆ ಜಗಳವೇ ಆಗುತ್ತಿತ್ತು. ವಾರದ ಓದು ಅಂದರೆ ಅದೇ ಹಳೆಯ ಲಯವನ್ನು ಮತ್ತೆ ಹಿಡಿಯುವುದು. ಒಂದು ದಿನ ತಪ್ಪಿದರೆ ಇನ್ನೊಂದು ದಿನ ಸರಿದೂಗುತ್ತದೆ. ವಾರವೇ ಕೆಟ್ಟರೆ ಮುಂದಿನ ವಾರ ಹೊಸದಾಗಿ ಶುರು. ಬಾಕಿ ಹೊರುವ ಅಗತ್ಯ ಇಲ್ಲ.

ಇದನ್ನು ಹೇಗೆ ಕಟ್ಟಿಕೊಳ್ಳಬಹುದು ಅಂತ ಹಂತ ಹಂತವಾಗಿ ಹೇಳುತ್ತೇನೆ.

ಮೊದಲ ಹಂತ: ಒಂದು ವಾರ ಸುಮ್ನೆ ಗಮನಿಸಿ

ಮೊದಲ ವಾರ ಯಾವ ಗುರಿಯೂ ಬೇಡ. ನಿಮ್ಮ ಸಮಯ ಎಲ್ಲೆಲ್ಲಿ ಬಿದ್ದಿದೆ ಅಂತ ಮಾತ್ರ ನೋಡಿ. ಅಡುಗೆಮನೆಯಲ್ಲೋ ನಡುಮನೆಯಲ್ಲೋ ಗೋಡೆಗೆ ನೇತುಹಾಕಿದ ದೊಡ್ಡ ಕ್ಯಾಲೆಂಡರ್ ಇರುತ್ತದಲ್ಲ, ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ಇರುವಂಥದ್ದು, ಅದರಲ್ಲಿ ಹಾಲಿನ ಲೆಕ್ಕ ಬರೆಯುವ ಹಾಗೆ ಪ್ರತಿ ದಿನದ ಚೌಕದಲ್ಲಿ ಒಂದು ಸಣ್ಣ ಗುರುತು ಹಾಕಿ. ಬೆಳಗ್ಗೆ ಬಿಡುವು ಸಿಕ್ಕಿದರೆ "ಬೆ", ಪ್ರಯಾಣದಲ್ಲಿ ಸಿಕ್ಕಿದರೆ "ಪ್ರ", ರಾತ್ರಿ ಆದರೆ "ರಾ". ಪಕ್ಕದಲ್ಲಿ ಎಷ್ಟು ನಿಮಿಷ ಅಂತ ಅಂದಾಜು. ಅಷ್ಟು ಸಾಕು.

ವಾರದ ಕೊನೆಗೆ ನೋಡಿದರೆ ಬಿಡುವು ಮೂರು ಬಗೆಯಲ್ಲಿ ಇರುವುದು ಗೊತ್ತಾಗುತ್ತದೆ. ಹತ್ತು ನಿಮಿಷದ ತುಂಡುಗಳು: ಕುಕ್ಕರ್ ಕೂಗುವ ತನಕ, ಮಗುವನ್ನು ಟ್ಯೂಷನ್ನಿಂದ ಕರೆದುಕೊಂಡು ಬರಲು ಹೊರಗೆ ಕಾಯುವಾಗ, ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತಾಗ. ಅರ್ಧ ಗಂಟೆಯ ತುಂಡುಗಳು: ಮೆಟ್ರೊ ಅಥವಾ ಬಸ್ಸಿನಲ್ಲಿ ಸೀಟು ಸಿಕ್ಕ ದಿನ, ಊಟದ ಬಿಡುವು, ಮಲಗುವ ಮುಂಚೆ. ಒಂದೋ ಎರಡೋ ದೊಡ್ಡ ತುಂಡು: ಬಹಳ ಮಂದಿಗೆ ಭಾನುವಾರ ಮಧ್ಯಾಹ್ನ ಊಟ ಆಗಿ ಮನೆ ತಣ್ಣಗಾದ ಹೊತ್ತು.

ಇದು ಯಾಕೆ ಮುಖ್ಯ ಅಂದರೆ, ಹತ್ತು ನಿಮಿಷದ ಬಿಡುವಿನಲ್ಲಿ ದೊಡ್ಡ ಕಾದಂಬರಿ ಓದಲು ಹೋದರೆ ಎರಡು ಪುಟಕ್ಕೇ ಎದ್ದು ಹೋಗಬೇಕಾಗುತ್ತದೆ. ಮತ್ತೆ ಕೂತಾಗ "ಇವನು ಯಾರು, ಇವಳ ಅಣ್ಣನೋ ಭಾವನೋ" ಅಂತ ಹಿಂದಕ್ಕೆ ತಿರುಗಿಸಬೇಕು. ಓದು ಬೇಸರವಾಗುವುದು ಇಲ್ಲೇ. ಮನೆಕೆಲಸವನ್ನೆಲ್ಲ ಒಬ್ಬರೇ ನೋಡಿಕೊಳ್ಳುವ ಹೆಣ್ಣುಮಕ್ಕಳಿಗೆ ಸಿಗುವುದೆಲ್ಲ ಇಂಥ ತುಂಡು ಸಮಯವೇ. ಅವರಿಗೆ ಕೊಡಬೇಕಾದ್ದು "ಸಮಯ ಮಾಡ್ಕೊಳ್ಳಿ" ಅನ್ನುವ ಉಪದೇಶವಲ್ಲ. ಆ ಹತ್ತು ನಿಮಿಷಕ್ಕೆ ಹೊಂದುವ ಪುಸ್ತಕ ಕೊಡಬೇಕು. ಭಾನುವಾರದ ಆ ಎರಡು ಗಂಟೆ ಅವರಿಗೂ ಸಿಗುವ ಹಾಗೆ ಮನೆಯ ಉಳಿದವರು ನೋಡಿಕೊಳ್ಳಬೇಕು.

ಎರಡನೇ ಹಂತ: ಮೂರು ಪುಸ್ತಕ ಆರಿಸಿಕೊಳ್ಳಿ

ಒಂದು ಹೊತ್ತಿಗೆ ಒಂದೇ ಪುಸ್ತಕ ಅನ್ನುವ ನಿಯಮ ಬಿಡಿ. ಮೂರು ಇರಲಿ, ಮೂರಕ್ಕಿಂತ ಜಾಸ್ತಿ ಬೇಡ.

ಮೊದಲನೆಯದು ಮನೆ ಪುಸ್ತಕ. ಇದು ದಪ್ಪ, ಇದಕ್ಕೆ ಕೂತು ಓದುವ ಸಮಯ ಬೇಕು. ಕಾದಂಬರಿ, ಆತ್ಮಕತೆ, ಇತಿಹಾಸ, ಏನಾದರೂ ಆಗಬಹುದು. ಭಾನುವಾರದ ದೊಡ್ಡ ತುಂಡು ಮತ್ತು ರಾತ್ರಿಯ ಅರ್ಧ ಗಂಟೆ ಇದರ ಪಾಲು.

ಎರಡನೆಯದು ಚೀಲದ ಪುಸ್ತಕ. ತೆಳ್ಳಗಿರಬೇಕು, ಎಲ್ಲಿ ತೆರೆದರೂ ಓದುವ ಹಾಗಿರಬೇಕು. ಸಣ್ಣಕತೆ ಮತ್ತು ಲಲಿತ ಪ್ರಬಂಧ ಇದಕ್ಕೆ ಹೇಳಿ ಮಾಡಿಸಿದಂಥವು. ಕನ್ನಡದಲ್ಲಿ ಸಣ್ಣಕತೆಗೆ ಬರವಿಲ್ಲ. ಮಾಸ್ತಿಯವರ ಮೊದಲ ಸಂಕಲನ ಬಂದದ್ದು 1920ರಲ್ಲಿ, ಅಲ್ಲಿಂದ ಇಲ್ಲಿಯ ತನಕ ನೂರು ವರ್ಷ ಮೀರಿದ ಸಂಪತ್ತು ಇದೆ. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದದ್ದೂ ಸಣ್ಣಕತೆಗಳಿಗೇ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದ ಮೂಲಕ. ಆ ಕತೆಗಳನ್ನು ಮೂಲ ಕನ್ನಡದಲ್ಲೇ ಓದುವ ಭಾಗ್ಯ ನಮಗಿದೆ. ಬೇರೆ ದೇಶಗಳ ಕತೆ ಬೇಕು ಅನ್ನುವವರು ನಿರಂಜನ ಅವರ ಸಂಪಾದಕತ್ವದಲ್ಲಿ ನವಕರ್ನಾಟಕ ತಂದ 'ವಿಶ್ವ ಕಥಾಕೋಶ'ವನ್ನು ಹುಡುಕಲಿ. 25 ಸಂಪುಟ ಇದೆ. ವಾರಕ್ಕೆ ಎರಡು ಕತೆ ಓದಿದರೂ ವರ್ಷಗಟ್ಟಲೆ ಸಾಲುತ್ತದೆ.

ಮೂರನೆಯದು ಬಾಯಿಬಿಟ್ಟು ಓದುವ ಪುಸ್ತಕ. ಪದ್ಯ, ವಚನ, ಹಳೆಯ ಕಾವ್ಯ. ಇದರ ಬಗ್ಗೆ ಮುಂದೆ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಓದಿನಿಂದ ಬಿಟ್ಟುಹೋದದ್ದು ಇದೇ.

ಮೂರನೇ ಹಂತ: ವಾರಕ್ಕೆ ನೂರು ಪುಟ

ನೂರು ಪುಟ ಅನ್ನುವುದು ಶಾಸ್ತ್ರವೇನಲ್ಲ. ಹೆಚ್ಚಿನವರಿಗೆ ಕಷ್ಟವಾಗದೆ ಮುಟ್ಟುವ ಸಂಖ್ಯೆ ಅಂತ ಇಟ್ಟುಕೊಂಡಿದ್ದೇನೆ. ಕನ್ನಡದಲ್ಲಿ ಓದಿ ಬಹಳ ವರ್ಷ ಆಗಿದ್ದರೆ ಐವತ್ತರಿಂದ ಶುರು ಮಾಡಿ. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತವರಿಗೆ, ಹೊರದೇಶದಲ್ಲಿ ಬೆಳೆದವರಿಗೆ ಕನ್ನಡ ಅಕ್ಷರ ಮೊದಮೊದಲು ನಿಧಾನವಾಗಿ ಸಾಗುತ್ತದೆ. ಅದು ಅಭ್ಯಾಸದ ಮಾತು. ಕಣ್ಣು ಒತ್ತಕ್ಷರಕ್ಕೆ ಒಗ್ಗಿಕೊಂಡ ಮೇಲೆ ವೇಗ ತಾನೇ ಬರುತ್ತದೆ.

ಲೆಕ್ಕ ನೋಡಿ. ವಾರಕ್ಕೆ ನೂರು ಪುಟ ಅಂದರೆ ವರ್ಷಕ್ಕೆ 5,200 ಪುಟ. ಇನ್ನೂರು ಪುಟದ ಪುಸ್ತಕವಾದರೆ ಇಪ್ಪತ್ತಾರು. ಅಥವಾ ಆರು ನೂರು ಪುಟದ ನಾಲ್ಕು ಮಹಾ ಕಾದಂಬರಿ, ಜೊತೆಗೆ ಇನ್ನೂರು ಪುಟದ ಹದಿನಾಲ್ಕು ಪುಸ್ತಕ. ಯಾವ ಓದುಗರಿಗಾದರೂ ಇದು ತುಂಬಿದ ವರ್ಷವೇ.

ಹಂಚಿಕೆ ಹೀಗಿರಬಹುದು. ಭಾನುವಾರ ಮನೆ ಪುಸ್ತಕದ ನಲವತ್ತು ಪುಟ. ವಾರದ ನಡುವೆ ಯಾವುದಾದರೂ ಮೂರು ರಾತ್ರಿ ಹತ್ತತ್ತು ಪುಟ. ಉಳಿದ ಮೂವತ್ತು ಚೀಲದ ಪುಸ್ತಕದ್ದು, ಅಂದರೆ ಎರಡೋ ಮೂರೋ ಕತೆ. ಬಾಯಿಬಿಟ್ಟು ಓದಿದ್ದನ್ನು ಲೆಕ್ಕಕ್ಕೆ ಸೇರಿಸಬೇಡಿ. ಪದ್ಯವನ್ನು ಪುಟದಲ್ಲಿ ಅಳೆಯಲು ಹೋದರೆ ಓಡಿಸಿಕೊಂಡು ಓದುವ ಆಸೆ ಹುಟ್ಟುತ್ತದೆ.

ಶನಿವಾರ ರಾತ್ರಿ ಕ್ಯಾಲೆಂಡರಿನಲ್ಲಿ ವಾರದ ಪುಟಸಂಖ್ಯೆ ಬರೆಯಿರಿ. ಕಡಿಮೆ ಆದರೆ ಆಗಲಿ. ಗೌರಿ ಗಣೇಶ, ದಸರಾ, ದೀಪಾವಳಿ ವಾರಗಳಲ್ಲಿ, ಮನೆಯಲ್ಲಿ ಮದುವೆ ಇದ್ದಾಗ, ಮಕ್ಕಳ ಪರೀಕ್ಷೆ ಸಮಯದಲ್ಲಿ ಮೊದಲೇ "ಈ ವಾರ ಬರೀ ಚೀಲದ ಪುಸ್ತಕ" ಅಂತ ತೀರ್ಮಾನ ಮಾಡಿಬಿಡಿ. ಮೊದಲೇ ತೀರ್ಮಾನಿಸಿದ ಬಿಡುವು ಮನಸ್ಸಿಗೆ ಚುಚ್ಚುವುದಿಲ್ಲ.

ನಾಲ್ಕನೇ ಹಂತ: ದೊಡ್ಡ ಕಾದಂಬರಿಯ ಒಳಗೆ ಹೋಗುವ ದಾರಿ

ವಾರದ ಓದಿನ ನಿಜವಾದ ಲಾಭ ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ತೆಗೆದುಕೊಳ್ಳಿ. 1967ರಲ್ಲಿ ಬಂದದ್ದು. ಎಷ್ಟೋ ಮನೆಗಳ ಕಪಾಟಿನಲ್ಲಿ ಇದೆ. ಶುರು ಮಾಡಿ ಐವತ್ತು ಅರವತ್ತು ಪುಟಕ್ಕೆ ನಿಲ್ಲಿಸಿದವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಯಾಕೆ ನಿಲ್ಲಿಸಿದಿರಿ ಅಂತ ಕೇಳಿದರೆ ಬರುವ ಉತ್ತರ ಒಂದೇ: "ಹೆಸರುಗಳು ತಲೆಗೆ ಹೋಗಲ್ಲ."

ಅವರ ಮಾತು ನಿಜ. ಹತ್ತೊಂಬತ್ತನೇ ಶತಮಾನದ ಕೊನೆಯ ತೀರ್ಥಹಳ್ಳಿ ಸೀಮೆಯ ಕತೆ ಅದು. ಮನೆತನಗಳು ಹಲವು, ಒಂದೊಂದು ಮನೆಯಲ್ಲೂ ಒಡೆಯರು, ಮಕ್ಕಳು, ಆಳುಗಳು, ಅವರವರ ಸಂಸಾರ. ಒಬ್ಬ ನಾಯಕ, ಒಬ್ಬಳು ನಾಯಕಿ ಅಂತ ಹಿಡಿದುಕೊಳ್ಳಲು ಹೋದರೆ ಸಿಕ್ಕುವುದಿಲ್ಲ.

ಹೀಗೆ ಮಾಡಿ. ಒಂದು ಬಿಳಿ ಹಾಳೆಯನ್ನು ಅಡ್ಡಕ್ಕೆ ಹಿಡಿದು ಮನೆಗಳ ಹೆಸರನ್ನು ಅಲ್ಲಲ್ಲಿ ಬರೆದು ಸುತ್ತ ಒಂದೊಂದು ವೃತ್ತ ಹಾಕಿ: ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ. ಓದುತ್ತಾ ಹೋದ ಹಾಗೆ ಯಾರು ಬರುತ್ತಾರೋ ಅವರನ್ನು ಅವರ ಮನೆಯ ವೃತ್ತದ ಒಳಗೆ ಹಾಕಿ. ಗುತ್ತಿ ಸಿಂಬಾವಿ ಹೆಗ್ಗಡೆಯವರ ಆಳು, ಅಲ್ಲಿ ಬರೆಯಿರಿ. ಅವನ ನಾಯಿ ಹುಲಿಯನನ್ನೂ ಪಕ್ಕದಲ್ಲೇ ಬರೆಯಿರಿ, ಬಿಡಬೇಡಿ. ಆ ನಾಯಿ ಈ ಕಾದಂಬರಿಯಲ್ಲಿ ಯಾವ ಮನುಷ್ಯನಿಗೂ ಕಡಿಮೆ ಇಲ್ಲ. ತಿಮ್ಮಿ ಬೆಟ್ಟಳ್ಳಿಯವಳು, ಅಲ್ಲಿಂದ ಗುತ್ತಿಯ ಕಡೆಗೆ ಒಂದು ಗೆರೆ. ಮುಕುಂದಯ್ಯ ಕೋಣೂರು, ಚಿನ್ನಮ್ಮ ಹೂವಳ್ಳಿ, ಅವರ ನಡುವೆ ಇನ್ನೊಂದು ಗೆರೆ. ಐತ, ಪೀಂಚಲು ಬಂದಾಗ ಅವರಿಗೂ ಜಾಗ ಮಾಡಿ. ಹಾಳೆಯನ್ನು ಮಡಚಿ ಪುಸ್ತಕದೊಳಗೇ ಇಟ್ಟುಕೊಳ್ಳಿ, ಪುಟದ ಗುರುತಿಗೂ ಅದೇ ಆಯಿತು.

ಎರಡು ಮೂರು ವಾರ ಆಗುವಷ್ಟರಲ್ಲಿ ಆ ಹಾಳೆ ನಿಮಗೆ ಬೇಕಾಗುವುದಿಲ್ಲ. ಯಾರು ಯಾವ ಕಾಡುದಾರಿಯಲ್ಲಿ ಎಲ್ಲಿಗೆ ಹೊರಟಿದ್ದಾರೆ ಅಂತ ಮನಸ್ಸಿನಲ್ಲೇ ಕಾಣುತ್ತದೆ. ಒಂದೇ ಸಲ ನಾಲ್ಕು ದಿನ ರಜೆ ಹಾಕಿ ಓದಿ ಮುಗಿಸಿದರೆ ಈ ಅನುಭವ ಸಿಗುವುದಿಲ್ಲ. ವಾರಗಟ್ಟಲೆ ಜೊತೆಗಿದ್ದರೆ ಮಾತ್ರ ಮಳೆ, ಇಂಬಳ (ಜಿಗಣೆ), ಕತ್ತಲೆ, ಹಸಿವು ಎಲ್ಲ ಮೈಗೆ ಹತ್ತುತ್ತದೆ. ಆಫೀಸಿನಲ್ಲಿ ಕೂತಾಗಲೂ ಗುತ್ತಿ ಏನು ಮಾಡುತ್ತಿದ್ದಾನೋ ಅನ್ನಿಸುತ್ತದೆ. ಆ ಅನ್ನಿಸಿಕೆಗಾಗಿಯೇ ದೊಡ್ಡ ಕಾದಂಬರಿ ಓದುವುದು.

ಇನ್ನೊಂದು ಉಪಾಯ. ಪ್ರತಿ ಸಲ ಪುಸ್ತಕ ಮುಚ್ಚುವಾಗ ಅಧ್ಯಾಯದ ಕೊನೆಗೆ ನಿಲ್ಲಿಸಬೇಡಿ. ಮುಂದಿನ ಅಧ್ಯಾಯದ ಒಂದು ಪುಟ ಓದಿ ನಿಲ್ಲಿಸಿ. ಹೊಸ ಅಧ್ಯಾಯ ಶುರು ಮಾಡುವುದಕ್ಕೆ ಒಂದು ಸಣ್ಣ ಸೋಮಾರಿತನ ಇರುತ್ತದೆ. ಅದನ್ನು ಇವತ್ತೇ ದಾಟಿಬಿಟ್ಟರೆ ನಾಳೆ ಕೈ ತಾನಾಗಿ ಪುಸ್ತಕಕ್ಕೆ ಹೋಗುತ್ತದೆ.

ಗೊತ್ತಿಲ್ಲದ ಪದ ಬಂದರೆ? ಮಲೆನಾಡಿನ ಕಾದಂಬರಿಯಲ್ಲಿ ಮೈಸೂರಿನವರಿಗೆ, ಧಾರವಾಡದ ಕತೆಯಲ್ಲಿ ಮಂಗಳೂರಿನವರಿಗೆ ತಿಳಿಯದ ಮಾತುಗಳು ಬಂದೇ ಬರುತ್ತವೆ. ಪ್ರತಿ ಪದಕ್ಕೂ ನಿಲ್ಲಬೇಡಿ. ಪೆನ್ಸಿಲ್ಲಿನಲ್ಲಿ ಒಂದು ಚುಕ್ಕೆ ಇಟ್ಟು ಮುಂದೆ ಹೋಗಿ. ಅದೇ ಪದ ಮೂರನೇ ಸಲ ಬರುವಷ್ಟರಲ್ಲಿ ಅರ್ಧ ಅರ್ಥ ಆಗಿರುತ್ತದೆ. ಉಳಿದದ್ದನ್ನು ಆ ಕಡೆಯ ಗೆಳೆಯರಿಗೆ ಫೋನ್ ಮಾಡಿ ಕೇಳಿ. ಒಂದು ಪದ ಕೇಳಲು ಫೋನ್ ಮಾಡಿದರೆ ಅರ್ಧ ಗಂಟೆ ಊರಿನ ಕತೆಯೂ ಸಿಗುತ್ತದೆ.

ಐದನೇ ಹಂತ: ಬಾಯಿಬಿಟ್ಟು ಓದಿ

ಕನ್ನಡದಲ್ಲಿ ಓದು ಅಂದರೆ ಬಹಳ ಕಾಲ ಗಟ್ಟಿಯಾಗಿ ಓದುವುದೇ ಆಗಿತ್ತು. ಊರಿನಲ್ಲಿ ಒಬ್ಬರು ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ರಾಗವಾಗಿ ವಾಚನ ಮಾಡುವುದು, ಇನ್ನೊಬ್ಬರು ಅರ್ಥ ಹೇಳುವುದು, ಊರವರು ಜಗಲಿ ತುಂಬ ಕೂತು ಕೇಳುವುದು. ಅಕ್ಷರ ಬಾರದವರಿಗೂ ಕಾವ್ಯ ಬಾಯಿಗೆ ಬಂದದ್ದು ಹೀಗೆ. ಮಳೆ ಕೈಕೊಟ್ಟ ವರ್ಷ ವಿರಾಟಪರ್ವ ಓದಿಸಿದರೆ ಮಳೆ ಬರುತ್ತದೆ ಅನ್ನುವ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇತ್ತು. ಒಂದು ಪುಸ್ತಕವನ್ನು ಮಳೆ ಕೇಳಲು ಓದುತ್ತಿದ್ದರು ಅಂದರೆ ಆ ಪುಸ್ತಕದ ಮೇಲೆ ಎಷ್ಟು ಭರವಸೆ ಇರಬೇಕು! ಶಿವಮೊಗ್ಗದ ಹತ್ತಿರದ ಮತ್ತೂರು, ಹೊಸಹಳ್ಳಿಗಳಲ್ಲಿ ಹೀಗೆ ಕಾವ್ಯವನ್ನು ರಾಗವಾಗಿ ಓದುವ ಗಮಕ ಕಲೆ ಇವತ್ತಿಗೂ ಜೀವಂತವಾಗಿದೆ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು.

ನೀವು ರಾಗ ಹಾಕಬೇಕಾಗಿಲ್ಲ. ವಾರಕ್ಕೆ ಎರಡು ಸಲ, ಹತ್ತು ನಿಮಿಷ, ಗಟ್ಟಿಯಾಗಿ ಓದಿದರೆ ಸಾಕು. ಕುಮಾರವ್ಯಾಸನದು ಭಾಮಿನಿ ಷಟ್ಪದಿ. ಆರು ಸಾಲು. ಮಾತ್ರೆ ಅಂದರೆ ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು, ಹೀಗೆ ನಡೆ. ಮೂರನೇ ಮತ್ತು ಆರನೇ ಸಾಲು ಉದ್ದ, ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ. ಇದನ್ನು ಬಾಯಿಪಾಠ ಮಾಡಬೇಕಿಲ್ಲ. ಬೆರಳಿನಲ್ಲಿ ಮೇಜಿನ ಮೇಲೆ "ತಕಿಟ ತಕಧಿಮಿ, ತಕಿಟ ತಕಧಿಮಿ" ಅಂತ ತಟ್ಟುತ್ತಾ ಓದಿ. ಐದಾರು ಪದ್ಯ ಆಗುವಷ್ಟರಲ್ಲಿ ನಾಲಿಗೆಗೆ ನಡೆ ಸಿಕ್ಕಿಬಿಡುತ್ತದೆ. ಕಣ್ಣಿನಲ್ಲಿ ಓದುವಾಗ ಗೋಡೆಯ ಹಾಗೆ ಕಂಡ ಸಾಲು ಬಾಯಲ್ಲಿ ತಾನಾಗಿ ಬಿಡಿಬಿಡಿಯಾಗುತ್ತದೆ, ಪದ ಎಲ್ಲಿ ಒಡೆಯಬೇಕು ಅಂತ ಉಸಿರೇ ಹೇಳುತ್ತದೆ.

ಹತ್ತು ಪರ್ವಗಳಲ್ಲಿ ಎಲ್ಲಿಂದ ಶುರು ಮಾಡುವುದು? ಆದಿಪರ್ವದಿಂದ ಅಲ್ಲ. ವಿರಾಟಪರ್ವದ ಉತ್ತರಕುಮಾರನ ಪ್ರಸಂಗದಿಂದ ಶುರು ಮಾಡಿ. ಉತ್ತರನ ಪೌರುಷ ಒಲೆ ಮುಂದೆ ಅನ್ನುವ ಗಾದೆ ಎಲ್ಲರಿಗೂ ಗೊತ್ತು. ಕತೆ ಗೊತ್ತಿರುವುದರಿಂದ ಅರ್ಥಕ್ಕೆ ತಡಕಾಡಬೇಕಿಲ್ಲ. ಹೆಂಗಸರ ಮುಂದೆ ಅವನು ಕೊಚ್ಚಿಕೊಳ್ಳುವುದು, ಸೈನ್ಯ ಕಂಡು ರಥದಿಂದ ಇಳಿದು ಓಡುವುದು, ಇವನ್ನು ಗಟ್ಟಿಯಾಗಿ ಓದಿದರೆ ಮನೆಯ ಮಕ್ಕಳು ಬಂದು ಪಕ್ಕದಲ್ಲಿ ಕೂರುತ್ತಾರೆ. ಅರ್ಥಸಹಿತ ಮುದ್ರಣವನ್ನೇ ತೆಗೆದುಕೊಳ್ಳಿ, ಆದರೆ ಮೊದಲು ಪದ್ಯ ಓದಿ, ಆಮೇಲೆ ಅರ್ಥ ನೋಡಿ.

ಷಟ್ಪದಿ ಕಷ್ಟ ಅನ್ನಿಸಿದರೆ ವಚನಗಳಿವೆ. 'ವಚನ ಸಂಚಯ' ಅನ್ನುವ ಜಾಲತಾಣದಲ್ಲಿ ಯಾವ ಪದ ಹಾಕಿದರೂ ಆ ಪದ ಇರುವ ವಚನಗಳು ಸಿಗುತ್ತವೆ. ಡಿ.ವಿ.ಜಿ. ಅವರ 'ಮಂಕುತಿಮ್ಮನ ಕಗ್ಗ' ಇದೆ. 1943ರದ್ದು, 945 ಪದ್ಯ, ಪ್ರತಿಯೊಂದೂ ನಾಲ್ಕು ಸಾಲು. ದಿನಕ್ಕೊಂದು ಓದಿದರೆ ಎರಡು ವರ್ಷ ಏಳು ತಿಂಗಳು ಬೇಕು. ಅವಸರ ಮಾಡಬೇಡಿ. ಒಂದೇ ಕೂತಿಗೆ ಇಪ್ಪತ್ತು ಕಗ್ಗ ಓದಿದರೆ ಒಂದೂ ಉಳಿಯುವುದಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ, ಕಣ್ಣು ಸರಿಯಾಗಿ ಕಾಣದೆ ಓದು ಬಿಟ್ಟವರಿದ್ದರೆ, ಈ ಹತ್ತು ನಿಮಿಷವನ್ನು ಅವರ ಪಕ್ಕದಲ್ಲಿ ಕೂತು ಕಳೆಯಿರಿ. ಅವರು ನಡುವೆ ತಡೆದು "ಹಾಗಲ್ಲ, ಇಲ್ಲಿ ನಿಲ್ಲಿಸಿ ಓದು" ಅಂತ ತಿದ್ದಿದರೆ ನಿಮಗೊಬ್ಬರು ಗುರು ಸಿಕ್ಕಿದ ಹಾಗೆ.

ಆರನೇ ಹಂತ: ಗುರುತು, ಟಿಪ್ಪಣಿ

ನಿಮ್ಮದೇ ಪುಸ್ತಕವಾದರೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಪೆನ್ನು ಬೇಡ, ಬಣ್ಣದ ಹೈಲೈಟರ್ ಅಂತೂ ಬೇಡವೇ ಬೇಡ. ಐದು ವರ್ಷ ಬಿಟ್ಟು ಓದಿದಾಗ ನಿಮಗೆ ಬೇರೆ ಸಾಲು ಇಷ್ಟವಾಗುತ್ತದೆ, ಆಗ ಹಳೆಯ ಹಳದಿ ಗೆರೆ ಕಣ್ಣಿಗೆ ಅಡ್ಡ ಬರುತ್ತದೆ. ಕೊನೆಯ ಖಾಲಿ ಹಾಳೆಯಲ್ಲಿ ಪುಟಸಂಖ್ಯೆ ಮತ್ತು ಎರಡು ಮೂರು ಪದ ಬರೆದರೆ ನಿಮ್ಮದೇ ಒಂದು ಸೂಚಿ ಆಗುತ್ತದೆ: "83, ಅಜ್ಜಿ ಮಾತು", "141, ಹೊಳೆ ದಾಟಿದ್ದು". ಲೈಬ್ರರಿ ಪುಸ್ತಕದಲ್ಲಿ ಗೆರೆ ಎಳೆಯುವುದು ತಪ್ಪು, ಅದಕ್ಕೆ ಬೇರೆ ಚೀಟಿ ಇಟ್ಟುಕೊಳ್ಳಿ.

ಪ್ರತಿ ಪುಸ್ತಕಕ್ಕೂ ವಿಮರ್ಶೆ ಬರೆಯಬೇಕು ಅಂದುಕೊಳ್ಳಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ಪುಸ್ತಕದ ಹೆಸರು, ಮುಗಿಸಿದ ತಿಂಗಳು, ಮನಸ್ಸಿನಲ್ಲಿ ಉಳಿದ ಒಂದು ದೃಶ್ಯ, ಇಷ್ಟು ಬರೆದರೆ ಸಾಕು.

ಏಳನೇ ಹಂತ: ಬಿಡಬೇಕಾದ್ದನ್ನು ಬಿಡಿ

ವಾರದ ಓದಿಗೆ ದೊಡ್ಡ ಅಡ್ಡಿ ಅಂದರೆ ಅರ್ಧಕ್ಕೆ ಸಿಕ್ಕಿಹಾಕಿಕೊಂಡ ಪುಸ್ತಕ. ಮುಂದೆ ಹೋಗಲು ಮನಸ್ಸಿಲ್ಲ, ಬಿಡಲು ಸಂಕೋಚ. ಮೂರು ವಾರ ಸತತವಾಗಿ ಒಂದು ಪುಸ್ತಕ ನಿಮ್ಮನ್ನು ಕರೆಯದಿದ್ದರೆ ಎತ್ತಿಡಿ. ಅದು ಎಷ್ಟೇ ದೊಡ್ಡ ಲೇಖಕರದ್ದಾಗಲಿ, ಎಷ್ಟೇ ಪ್ರಶಸ್ತಿ ಬಂದಿರಲಿ. ಕಾರಂತರ 'ಮೂಕಜ್ಜಿಯ ಕನಸುಗಳು' ಇಪ್ಪತ್ತರ ವಯಸ್ಸಿನಲ್ಲಿ ಕೈಗೆ ಹತ್ತದೆ ನಲವತ್ತರಲ್ಲಿ ಹಿಡಿದು ಕೂರಿಸಿದ್ದನ್ನು ಹಲವರು ಹೇಳುತ್ತಾರೆ. ಬಿಟ್ಟ ಪುಸ್ತಕವನ್ನು ಕಪಾಟಿನಲ್ಲಿ ಬೇರೆ ಸಾಲಿನಲ್ಲಿ ಇಡಿ, ವರ್ಷಕ್ಕೊಮ್ಮೆ ಆ ಸಾಲಿನ ಮುಂದೆ ನಿಂತು ನೋಡಿ.

ಒಂದು ಮಾತು ಮಾತ್ರ. ಬೇಸರಕ್ಕೂ ಕಷ್ಟಕ್ಕೂ ವ್ಯತ್ಯಾಸ ಇದೆ. ಕಷ್ಟವಾದರೂ ಮುಂದೇನು ಅನ್ನುವ ಕುತೂಹಲ ಇದ್ದರೆ ಬಿಡಬೇಡಿ, ವಾರಕ್ಕೆ ಇಪ್ಪತ್ತೇ ಪುಟ ಆಗಲಿ.

ಎಂಟನೇ ಹಂತ: ಪುಸ್ತಕ ತರುವುದು ಎಲ್ಲಿಂದ

ಮೊದಲು ಹತ್ತಿರದ ಸರ್ಕಾರಿ ಗ್ರಂಥಾಲಯಕ್ಕೆ ಹೋಗಿ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದ್ದು. ನೀವು ಕಟ್ಟುವ ಆಸ್ತಿ ತೆರಿಗೆಯ ಒಂದೊಂದು ರೂಪಾಯಿಗೂ ಆರು ಪೈಸೆ ಗ್ರಂಥಾಲಯ ಕರ ಸೇರುತ್ತದೆ. ಅಂದರೆ ದುಡ್ಡು ಆಗಲೇ ಕೊಟ್ಟಿದ್ದೀರಿ, ಪುಸ್ತಕ ತರುವುದೊಂದೇ ಬಾಕಿ. ಸದಸ್ಯತ್ವದ ಠೇವಣಿ ಚಿಕ್ಕ ಮೊತ್ತ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿವೆ, ಈಗ ಅರಿವು ಕೇಂದ್ರ ಅನ್ನುತ್ತಾರೆ. ಬೆಂಗಳೂರಿನವರು ಒಮ್ಮೆಯಾದರೂ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡಕ್ಕೆ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ಕೇಂದ್ರ ಗ್ರಂಥಾಲಯಕ್ಕೆ ಹೋಗಿ ಕೂತು ಓದಬೇಕು.

ಬೇಕಾದ ಪುಸ್ತಕ ಕಾಣದಿದ್ದರೆ ಸುಮ್ಮನೆ ವಾಪಸ್ ಬರಬೇಡಿ, ಅಲ್ಲಿಯವರನ್ನು ಕೇಳಿ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಹಾಕಿಕೊಟ್ಟರು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಓದುಗನ ಸಮಯ ಉಳಿಯಬೇಕು ಅನ್ನುವುದು ಅವುಗಳಲ್ಲಿ ಮೂರು. ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದವರು ಅವರು. ಕೇಳುವ ಓದುಗರಿದ್ದರೇ ಗ್ರಂಥಾಲಯಕ್ಕೆ ಯಾವ ಪುಸ್ತಕ ತರಿಸಬೇಕು ಅಂತ ಗೊತ್ತಾಗುವುದು.

ಕೊಳ್ಳುವ ಶಕ್ತಿ ಇದ್ದವರು ಕೊಂಡೇ ಓದಿ. ನೂರು ವರ್ಷದ ಹಿಂದೆ ಕಾದಂಬರಿಕಾರ ಗಳಗನಾಥರು ತಾವು ಬರೆದ ಪುಸ್ತಕಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಇವತ್ತೂ ಕನ್ನಡದಲ್ಲಿ ಸಣ್ಣ ಪ್ರಕಾಶಕರ ಬದುಕು ಸುಲಭವಿಲ್ಲ. ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದ ನಡೆದು ಬಂದಿದೆ, ಸುಭಾಸ ರಸ್ತೆಯ ಅವರ ಅಟ್ಟ ಸಾಹಿತಿಗಳು ಕೂಡುವ ಜಾಗ ಅಂತಲೇ ಹೆಸರಾದದ್ದು. ಹೆಗ್ಗೋಡಿನ ಅಕ್ಷರ ಪ್ರಕಾಶನ, ಬೆಂಗಳೂರು ಗಾಂಧಿಬಜಾರಿನ ಅಂಕಿತ ಪುಸ್ತಕ, ಹೀಗೆ ಒಂದೊಂದು ಊರಿಗೂ ಒಂದೊಂದು ಹೆಸರಿದೆ. ರಾಜ್ಯೋತ್ಸವದ ತಿಂಗಳಲ್ಲಿ ರಿಯಾಯಿತಿ ಇರುತ್ತದೆ, ವರ್ಷದ ಮನೆ ಪುಸ್ತಕಗಳನ್ನು ಆಗಲೇ ತಂದಿಟ್ಟುಕೊಳ್ಳಬಹುದು. ದುಬೈ, ಡಲ್ಲಾಸ್ ಅಂತ ದೂರ ಇರುವವರಿಗೆ ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಕನ್ನಡ ಇ-ಪುಸ್ತಕ, ಕೇಳುಪುಸ್ತಕ ಎರಡೂ ಸಿಗುತ್ತವೆ. ಕಾರು ಓಡಿಸುತ್ತಾ ಕೇಳಿದ್ದೂ ಓದೇ. ವಾರದ ಲೆಕ್ಕಕ್ಕೆ ಸೇರಿಸಿಕೊಳ್ಳಿ, ಸಂಕೋಚ ಬೇಡ.

ಮಕ್ಕಳಿದ್ದರೆ ಅವರಿಗೂ ವಾರಕ್ಕೊಂದು ಪುಸ್ತಕ ನಿಗದಿ ಮಾಡಿ. ರಾಷ್ಟ್ರೋತ್ಥಾನ ಪರಿಷತ್ತಿನ 'ಭಾರತ ಭಾರತಿ' ಮಾಲೆಯಲ್ಲಿ 510 ಪುಟ್ಟ ಪುಸ್ತಕಗಳಿವೆ, ಒಂದೊಂದೂ ಒಂದೇ ಕೂತಿಗೆ ಮುಗಿಯುವಂಥದ್ದು. ಎಷ್ಟೋ ಜನರ ಓದು ಶುರುವಾದದ್ದೇ ಅಲ್ಲಿಂದ.

ಕೂರುವ ಜಾಗ, ಫೋನು

ಇದನ್ನು ಉದ್ದ ಮಾಡುವುದಿಲ್ಲ. ಓದುವಾಗ ಫೋನು ಬೇರೆ ಕೋಣೆಯಲ್ಲಿರಲಿ. ಮಗುಚಿ ಪಕ್ಕದಲ್ಲಿಟ್ಟರೆ ಸಾಲದು, ಕೈಗೆ ಎಟುಕಬಾರದು. ದಿನಾ ಒಂದೇ ಕುರ್ಚಿ, ಒಂದೇ ದೀಪ ಇದ್ದರೆ ಒಳ್ಳೆಯದು. ಬೆಳಕು ಎಡಗಡೆಯಿಂದಲೋ ಹಿಂದಿನಿಂದಲೋ ಬರಲಿ. ಕರೆಂಟು ಹೋಗುವ ಊರಾದರೆ ಚಾರ್ಜ್ ಮಾಡುವ ದೀಪವನ್ನು ಪುಸ್ತಕದ ಪಕ್ಕದಲ್ಲೇ ಇಡಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಕಪಾಟನ್ನು ವಾರಕ್ಕೊಮ್ಮೆ ತೆರೆದು ಗಾಳಿಯಾಡಿಸಬೇಕು. ಪುಸ್ತಕಗಳನ್ನು ಗೋಡೆಗೆ ತಾಗಿಸದೆ ನಾಲ್ಕು ಬೆರಳು ಜಾಗ ಬಿಡಿ. ಒಣಗಿದ ಬೇವಿನ ಸೊಪ್ಪೋ ಬಜೆಯ ತುಂಡೋ ನಡುವೆ ಇಟ್ಟರೆ ಹುಳುವಿನ ಕಾಟ ಕಡಿಮೆ.

ಪುಸ್ತಕ ಮುಗಿದ ವಾರ

ದೊಡ್ಡ ಕಾದಂಬರಿ ಮುಗಿದ ಮರುದಿನವೇ ಇನ್ನೊಂದನ್ನು ತೆರೆಯಬೇಡಿ. ಹಳೆಯದರ ಜನ ಇನ್ನೂ ತಲೆಯಲ್ಲಿ ಓಡಾಡುತ್ತಿರುತ್ತಾರೆ, ಹೊಸಬರಿಗೆ ಜಾಗ ಇರುವುದಿಲ್ಲ. ಒಂದು ವಾರ ಚೀಲದ ಪುಸ್ತಕ ಮತ್ತು ಗಟ್ಟಿ ಓದು ಮಾತ್ರ ಇರಲಿ. ಆ ವಾರದಲ್ಲೇ, ಅದೇ ಪುಸ್ತಕ ಓದಿದ ಯಾರಾದರೊಬ್ಬರ ಜೊತೆ ಕೂತು ಮಾತಾಡಿ. ಯಾರೂ ಸಿಗದಿದ್ದರೆ ಪುಸ್ತಕವನ್ನು ಪಕ್ಕದ ಮನೆಯವರಿಗೋ ತಂಗಿಗೋ ಕೊಟ್ಟು "ಓದಿ ಹೇಳು" ಅನ್ನಿ. ಕೊಟ್ಟದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಇಲ್ಲದಿದ್ದರೆ ಯಾರ ಮನೆಯಲ್ಲಿದೆ ಅಂತ ಮರೆತುಹೋಗುತ್ತದೆ.

ಮುಂದಿನ ಮನೆ ಪುಸ್ತಕವನ್ನು ಆ ಶನಿವಾರ ಸಂಜೆ ಆರಿಸಿ. ಎರಡು ಮೂರು ಪುಸ್ತಕ ಎದುರಿಗಿಟ್ಟುಕೊಂಡು ಪ್ರತಿಯೊಂದರದ್ದೂ ಮೊದಲ ಐದು ಪುಟ ಓದಿ ನೋಡಿ. ಕಳೆದ ಪುಸ್ತಕಕ್ಕಿಂತ ಬೇರೆ ಸೀಮೆಯದ್ದಿರಲಿ: ಮಲೆನಾಡು ಆದ ಮೇಲೆ ಕಲ್ಯಾಣ ಕರ್ನಾಟಕ, ಹಳ್ಳಿ ಆದ ಮೇಲೆ ಪೇಟೆ, ಕಾದಂಬರಿ ಆದ ಮೇಲೆ ಆತ್ಮಕತೆ. ಯಾವುದರ ಆರನೇ ಪುಟಕ್ಕೆ ಕೈ ತಾನಾಗಿ ಹೋಯಿತೋ ಅದನ್ನು ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.